ಯಾರ ಕಡೆಯಿಂದ ಬಂತು ಎಂದು ಕೇಳುವ ಅಜ್ಜ ಅಜ್ಜಿಯರಿಗೆ

ಪ್ರೀತಿಯ ಓರಗೆಯವರೇ,

ಸಕ್ಕರೆ ಕಾಯಿಲೆ ಬಂದ ಮಕ್ಕಳ ಅಜ್ಜ ಅಜ್ಜಿಯರಿಗೆ ಈ ಕಾಗದ. ನಾನೂ ನಿಮ್ಮಲ್ಲೊಬ್ಬಳು. ನಾಲ್ಕು ವರ್ಷದ ಹಿಂದೆ, ನನ್ನ ಮೊಮ್ಮಗಳಿಗೆ ಆರು ತುಂಬಿದ ಹೊಸತರಲ್ಲಿ, ಮಕ್ಕಳ ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ನಾನೊಂದು ಮಾತಾಡಿದೆ. ಅದನ್ನು ಮೊದಲು ನಿಮ್ಮ ಮುಂದಿಟ್ಟು ಆಮೇಲೆ ಉಳಿದದ್ದನ್ನು ಬರೆಯುತ್ತೇನೆ.

"ನಮ್ಮ ಕಡೆ ಚಿಕ್ಕ ಮಕ್ಕಳಿಗೆ ಶುಗರ್ ಬಂದಿದ್ದು ಯಾರೂ ಕೇಳಿಲ್ಲ. ನಿಮ್ಮ ಕಡೆ ಯಾರಿಗಾದ್ರೂ ಇತ್ತೇನಮ್ಮ?"

ಕೇಳಿದ್ದು ಸೊಸೆಯನ್ನು. ಅವಳು ಕಣ್ಣು ಮುಚ್ಚಿ ಎರಡು ರಾತ್ರಿಯಾಗಿತ್ತು. ತಲೆ ಎತ್ತದೆ "ಗೊತ್ತಿಲ್ಲ ಅತ್ತೆ" ಎಂದಳು. ನಾನು ಅಷ್ಟಕ್ಕೇ ಬಿಡಲಿಲ್ಲ. "ದಿನಾ ಆ ಚಾಕೊಲೇಟು, ಡಬ್ಬಿ ಜ್ಯೂಸು ಕೊಡಬೇಡ ಅಂತ ಎಷ್ಟು ಬಡ್ಕೊಂಡೆ" ಎಂದೂ ಸೇರಿಸಿದೆ. ಪಕ್ಕದಲ್ಲಿ ಬೀಗಿತ್ತಿ ಕೂತಿದ್ದರು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಹೋದರು.

ನಾನು 31 ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವಳು. ಮೇದೋಜೀರಕ ಗ್ರಂಥಿಯ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅಂಥವಳ ಬಾಯಲ್ಲೇ ಆ ಮಾತು ಬಂತು. ನಿಮ್ಮಲ್ಲಿ ಹಲವರು ಇದೇ ಮಾತನ್ನು ಆಡಿರುತ್ತೀರಿ. ಕೆಲವರು ಬಾಯಿಬಿಟ್ಟು, ಕೆಲವರು ನೆರೆಮನೆಯವರ ಹತ್ತಿರ, ಕೆಲವರು ಸುಮ್ಮನೆ ಮುಖ ತಿರುಗಿಸಿ.

ಅದಕ್ಕಿಂತ ಮುಂಚಿನ ಎರಡು ವಾರದ ಕತೆಯೂ ಇದೆ. ಹಾಸಿಗೆ ಒದ್ದೆ ಮಾಡುವುದನ್ನು ಮೂರನೇ ವರ್ಷಕ್ಕೇ ಬಿಟ್ಟಿದ್ದ ಹುಡುಗಿ ಮತ್ತೆ ಶುರುಮಾಡಿದಳು. ನಾನು ಗದರಿಸಿದೆ. ರಾತ್ರಿ ಮೂರು ಮೂರು ಸಲ ಎದ್ದು ಚೊಂಬಿನ ನೀರು ಕುಡಿಯುತ್ತಿದ್ದಳು. ಬೇಸಿಗೆ, ಸೆಖೆ ಎಂದುಕೊಂಡೆವು. ಫ್ರಾಕು ಭುಜದಿಂದ ಜಾರತೊಡಗಿತು. ಉದ್ದವಾಗುತ್ತಿದ್ದಾಳೆ, ಅದಕ್ಕೇ ಸೊರಗಿದ್ದಾಳೆ ಎಂದಳು ನನ್ನ ನಾದಿನಿ. ಬಚ್ಚಲಿನಲ್ಲಿ ಹುಡುಗಿ ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಮುತ್ತಿದ್ದನ್ನು ಕಂಡವಳೂ ನಾನೇ, ನೀರು ಸುರಿದು ತೊಳೆದವಳೂ ನಾನೇ. ಆಮೇಲೆ ವಾಂತಿ, ಹೊಟ್ಟೆನೋವು. ಒಂದು ಕ್ಲಿನಿಕ್ಕಿನಲ್ಲಿ ವಾಂತಿಗೆ ಇಂಜೆಕ್ಷನ್ ಕೊಟ್ಟು ಗ್ಯಾಸ್ಟ್ರಿಕ್ ಎಂದು ಕಳಿಸಿದರು. ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡಿದ್ದರೆ ಅಲ್ಲೇ ತಿಳಿಯುತ್ತಿತ್ತು. ಮೂರನೇ ದಿನ ಮಗು ಓಡಿಬಂದವರ ಹಾಗೆ ಏದುಸಿರು ಬಿಡತೊಡಗಿತು, ಉಸಿರಿನಲ್ಲಿ ಕಳಿತ ಹಣ್ಣಿನ ವಾಸನೆ. ದೊಡ್ಡಾಸ್ಪತ್ರೆಗೆ ಹೋಗುವಷ್ಟರಲ್ಲಿ ಕರೆದರೆ ಕಣ್ಣು ಬಿಡುತ್ತಿರಲಿಲ್ಲ. ಇನ್ಸುಲಿನ್ ಇಲ್ಲದೆ ಮೈ ಸಕ್ಕರೆಯನ್ನು ಬಳಸಲಾರದೆ ಕೊಬ್ಬನ್ನು ಸುಟ್ಟುಕೊಂಡು, ಆ ಸುಟ್ಟದ್ದರಿಂದ ರಕ್ತವೇ ಆಮ್ಲವಾಗಿತ್ತು. ನಿಮ್ಮ ಬೀದಿಯಲ್ಲಿ ಯಾವ ಮಗುವಿನಲ್ಲಾದರೂ ಈ ಲಕ್ಷಣ ಕಂಡರೆ, ಮಿಕ್ಕಿದ್ದೆಲ್ಲ ಬಿಟ್ಟು ಅದೇ ದಿನ ಸಕ್ಕರೆ ಪರೀಕ್ಷೆ ಮಾಡಿಸಲು ಹೇಳಿ.

ಐದನೇ ದಿನ ಮಗು ಎದ್ದು ಕೂತು ಇಡ್ಲಿ ಕೇಳಿತು. ಅವತ್ತು ಮಕ್ಕಳ ಡಾಕ್ಟರಮ್ಮ ನಮ್ಮನ್ನೆಲ್ಲ ಕೂರಿಸಿಕೊಂಡು ಒಂದು ಕಾಗದದಲ್ಲಿ ಮನೆತನದ ವಿವರ ಬರೆದುಕೊಂಡರು. ಶುಗರ್ ಯಾರಿಗಿದೆ ಎಂದು ಕೇಳಿದ್ದು ಒಂದೇ ಸಲ. ಆಮೇಲೆ ಕೇಳಿದ ಪ್ರಶ್ನೆಗಳೇ ಬೇರೆ. ಮನೆಯಲ್ಲಿ ಥೈರಾಯ್ಡ್ ಯಾರಿಗಿದೆ? ತೊನ್ನು ಯಾರಿಗಾದರೂ ಇದೆಯೇ? ಕೀಲು ಊದಿಕೊಳ್ಳುವ ಕಾಯಿಲೆ? ಗೋಧಿ ತಿಂದರೆ ಆಗದವರು?

ನನ್ನ ಕೈಚೀಲದಲ್ಲಿ ಮಾತ್ರೆಯ ಡಬ್ಬಿಯಿತ್ತು. 19 ವರ್ಷದಿಂದ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದೇನೆ. ನನ್ನದು ಹಾಶಿಮೋಟೋ ಎಂಬ ಬಗೆ. ದೇಹದ ರಕ್ಷಣೆಗೆಂದು ಇರುವ ಬಿಳಿ ರಕ್ತಕಣಗಳೇ ಥೈರಾಯ್ಡ್ ಗ್ರಂಥಿಯ ಮೇಲೆ ಬಿದ್ದು ಅದನ್ನು ಸವೆಸುವ ಕಾಯಿಲೆ. ನನ್ನ ಚಿಕ್ಕಪ್ಪನಿಗೆ ತೊನ್ನು ಇತ್ತು. ಅದೂ ಇದೇ ಜಾತಿಯದು, ಚರ್ಮದ ಬಣ್ಣದ ಕೋಶಗಳ ಮೇಲೆ ನಡೆಯುವ ದಾಳಿ. ಡಾಕ್ಟರಮ್ಮ ಎರಡನ್ನೂ ಬರೆದುಕೊಂಡು, "ಇಂಥ ಒಲವು ಕೆಲವು ಮನೆತನಗಳಲ್ಲಿ ಒಬ್ಬೊಬ್ಬರಲ್ಲಿ ಒಂದೊಂದು ರೂಪದಲ್ಲಿ ಕಾಣಿಸಿಕೊಳ್ಳುತ್ತೆ. ಯಾರ ತಪ್ಪೂ ಅಲ್ಲ" ಎಂದರು. ಸೊಸೆ ನನ್ನ ಕಡೆ ನೋಡಲೂ ಇಲ್ಲ. ನೋಡಿ ಒಂದು ಮಾತು ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಅವತ್ತಿನಿಂದ ನಾನು ಓದಲು ಕೂತೆ. ಬಿಟ್ಟುಹೋದ ಪಾಠವನ್ನು ಮುದಿಪ್ರಾಯದಲ್ಲಿ ಮತ್ತೆ ಹಿಡಿದ ಹಾಗೆ. ತಿಳಿದದ್ದನ್ನು ನಿಮಗೆ ಹೇಳಬೇಕು.

ಮೊದಲನೆಯದು. ನಿಮಗೂ ನನ್ನ ಯಜಮಾನರಿಗೂ ಇರುವ ಶುಗರ್ ಬೇರೆ, ಮಕ್ಕಳದ್ದು ಬೇರೆ. ನಮ್ಮ ವಯಸ್ಸಿನವರದ್ದು ಟೈಪ್ ಟೂ. ಇನ್ಸುಲಿನ್ ಇದ್ದೂ ಮೈ ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ, ನಿಧಾನವಾಗಿ ಸಾಲದಾಗುತ್ತದೆ. ಮಕ್ಕಳಿಗೆ ಸಾಮಾನ್ಯವಾಗಿ ಬರುವುದು ಟೈಪ್ ಒನ್. ಇದರಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶಗಳೇ ನಾಶವಾಗುತ್ತವೆ. ಸಿಹಿ ತಿಂದದ್ದರಿಂದ ಬರುವುದಲ್ಲ. ನಡೆದಾಡಿ, ಪಥ್ಯ ಮಾಡಿ ಹೋಗಲಾಡಿಸುವಂಥದ್ದೂ ಅಲ್ಲ.

ಆ ಕೋಶಗಳನ್ನು ನಾಶ ಮಾಡುವವರು ಯಾರು? 1965ರಲ್ಲಿ ಬ್ರಸೆಲ್ಸ್‌ನ ವಿಲ್ಲಿ ಗೆಪ್ಟ್ಸ್ ಎಂಬ ವೈದ್ಯರು, ಕಾಯಿಲೆ ಕಾಣಿಸಿಕೊಂಡ ಆರು ತಿಂಗಳೊಳಗೆ ತೀರಿಕೊಂಡಿದ್ದ 22 ಎಳೆಯ ರೋಗಿಗಳ ಮೇದೋಜೀರಕ ಗ್ರಂಥಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. 15 ಮಂದಿಯಲ್ಲಿ, ಬೀಟಾ ಕೋಶಗಳಿರುವ ಪುಟ್ಟ ದ್ವೀಪಗಳ ಒಳಗೂ ಸುತ್ತಲೂ ಬಿಳಿ ರಕ್ತಕಣಗಳು ಮುತ್ತಿಕೊಂಡಿದ್ದವು. ಬೀಟಾ ಕೋಶಗಳು ಹತ್ತರಲ್ಲಿ ಒಂದು ಪಾಲೂ ಉಳಿದಿರಲಿಲ್ಲ. ಆ ದ್ವೀಪಗಳನ್ನು ಲ್ಯಾಂಗರ್‌ಹಾನ್ಸ್ ದ್ವೀಪಗಳು ಎಂದು ನಾನು ವರ್ಷವರ್ಷವೂ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ಅವುಗಳ ಮೇಲೆ ಇಂಥದ್ದೊಂದು ದಂಡು ಬೀಳುತ್ತದೆ ಎಂದು ಹೇಳಿಕೊಟ್ಟಿರಲಿಲ್ಲ.

1974ರಲ್ಲಿ ಲಂಡನ್ನಿನಲ್ಲಿ ಬೊಟ್ಟಾಜೊ, ಡೆಬೊರಾ ಡೋನಿಯಾಕ್ ಮತ್ತು ಅವರ ಜೊತೆಯವರು ಈ ದ್ವೀಪಗಳ ವಿರುದ್ಧ ರಕ್ತದಲ್ಲಿ ಓಡಾಡುವ ಪ್ರತಿಕಾಯಗಳನ್ನು ಕಂಡುಹಿಡಿದರು. ಸಿಕ್ಕಿದ್ದು ಎಂಥವರ ರಕ್ತದಲ್ಲಿ ಗೊತ್ತೇ? ಮಧುಮೇಹದ ಜೊತೆಗೆ ಇಂಥದೇ ಬೇರೆ ಕಾಯಿಲೆಗಳೂ ಇದ್ದವರ ರಕ್ತದಲ್ಲಿ. ಇದೇ ಡೋನಿಯಾಕ್ 1956ರಲ್ಲಿ ಹಾಶಿಮೋಟೋ ರೋಗಿಗಳ ರಕ್ತದಲ್ಲಿ ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳನ್ನು ಪತ್ತೆಮಾಡಿದ ತಂಡದಲ್ಲೂ ಇದ್ದವರು. ನನ್ನ ಕಾಯಿಲೆಯ ಗುಟ್ಟನ್ನೂ ನನ್ನ ಮೊಮ್ಮಗಳ ಕಾಯಿಲೆಯ ಗುಟ್ಟನ್ನೂ ಬಿಡಿಸುವುದರಲ್ಲಿ ಒಬ್ಬಳೇ ಹೆಂಗಸಿನ ಕೈಯಿತ್ತು ಎಂದು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಪ್ರತಿಕಾಯಗಳು ಸುಳಿವು ಕೊಡುತ್ತವೆ. ನಿಜವಾಗಿ ಕೊಲ್ಲುವ ಕೆಲಸ ಟಿ ಕೋಶಗಳೆಂಬ ಬಿಳಿ ರಕ್ತಕಣಗಳದ್ದು. ಹುಟ್ಟಿನಿಂದಲೇ ಪ್ರತಿಕಾಯ ತಯಾರಿಸಲಾಗದ ಒಬ್ಬ ಹುಡುಗನಿಗೂ ಟೈಪ್ ಒನ್ ಬಂದದ್ದು 2001ರಲ್ಲಿ ವರದಿಯಾಗಿದೆ. ಇನ್ನೊಂದು ಮಾತು ತಾಯಂದಿರ ಪರವಾಗಿ. ಟೈಪ್ ಒನ್ ಇರುವ ತಾಯಿಯ ಪ್ರತಿಕಾಯಗಳು ಬಸಿರಿನಲ್ಲಿ ಮಗುವಿಗೆ ದಾಟಿದರೂ ಕೆಲವು ತಿಂಗಳಲ್ಲಿ ಕರಗಿಹೋಗುತ್ತವೆ. ಅವುಗಳಿಂದ ಮಗುವಿಗೆ ಈ ಕಾಯಿಲೆ ಬರುವುದಿಲ್ಲ.

ಈಗ ನಮ್ಮ ಪ್ರಶ್ನೆಗೆ ಬರೋಣ. ಯಾರ ಕಡೆಯಿಂದ?

ಆರನೇ ವರ್ಣತಂತುವಿನ ಮೇಲೆ ಎಚ್‌ಎಲ್‌ಎ ಎಂಬ ಜೀನುಗಳ ಗುಂಪೊಂದಿದೆ. ಅವು ತಯಾರಿಸುವ ಅಣುಗಳ ಕೆಲಸ ಇಷ್ಟು: ಕೋಶದೊಳಗಿನ ಪ್ರೋಟೀನಿನ ಚೂರೊಂದನ್ನು ಅಂಗೈಯಲ್ಲಿ ಹಿಡಿದು, ಹಾದುಹೋಗುವ ಟಿ ಕೋಶಕ್ಕೆ ತೋರಿಸುವುದು. ವೈರಸ್ಸಿನ ಚೂರಾದರೆ ಟಿ ಕೋಶ ಎಚ್ಚೆತ್ತು ಹೋರಾಡುತ್ತದೆ, ತನ್ನದೇ ಮೈಯ ಚೂರಾದರೆ ಸುಮ್ಮನೆ ಮುಂದೆ ಹೋಗಬೇಕು. ಈ ಅಂಗೈಯ ಆಕಾರ ಒಬ್ಬೊಬ್ಬರಲ್ಲಿ ಒಂದೊಂದು ಥರ. ಡಿಆರ್3, ಡಿಆರ್4 ಎಂದು ಕರೆಯುವ ಬಗೆಗಳ ಜೊತೆಗೆ ಬರುವ ಅಂಗೈ, ಇನ್ಸುಲಿನ್ನಿನ ಚೂರನ್ನು ತಪ್ಪು ಕಲ್ಪನೆ ಹುಟ್ಟಿಸುವ ಹಾಗೆ ಹಿಡಿದು ತೋರಿಸುತ್ತದೆ. 1987ರಲ್ಲಿ ಟಾಡ್, ಬೆಲ್ ಮತ್ತು ಮ್ಯಾಕ್‌ಡೆವಿಟ್ ಈ ವ್ಯತ್ಯಾಸದ ದೊಡ್ಡ ಪಾಲು ಆ ಅಣುವಿನ 57ನೇ ಸ್ಥಾನದಲ್ಲಿರುವ ಒಂದೇ ಒಂದು ಅಮೈನೋ ಆಮ್ಲಕ್ಕೆ ಸೇರಿದ್ದು ಎಂದು ತೋರಿಸಿದರು. ಅಲ್ಲಿ ಆಸ್ಪಾರ್ಟಿಕ್ ಆಮ್ಲ ಇದ್ದರೆ ಅಪಾಯ ಕಡಿಮೆ, ಬೇರೆಯದಿದ್ದರೆ ಹೆಚ್ಚು. ಒಂದು ಅಕ್ಷರ ಬದಲಾದರೆ ಅರ್ಥ ಬದಲಾಗುವುದನ್ನು ನಾವು ಕಾಗುಣಿತದಲ್ಲಿ ಕಂಡಿದ್ದೇವಲ್ಲ, ಹಾಗೆ. ಆನುವಂಶಿಕ ಅಪಾಯದಲ್ಲಿ ಸುಮಾರು ಅರ್ಧ ಈ ಗುಂಪಿನದ್ದು.

ಉಳಿದರ್ಧ ಅಲ್ಲಲ್ಲಿ ಚದುರಿದೆ. ಈವರೆಗೆ ವರ್ಣತಂತುಗಳ ಮೇಲೆ 60ಕ್ಕೂ ಹೆಚ್ಚು ಜಾಗಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು. ಎದೆಗೂಡಿನಲ್ಲಿ ಥೈಮಸ್ ಎಂಬ ಗ್ರಂಥಿಯಿದೆ; ಎಳೆಯ ಟಿ ಕೋಶಗಳು ಬಲಿಯುವುದು ಅಲ್ಲಿ. ಹೊರಗೆ ಹೊರಡುವ ಮುಂಚೆ ಅವಕ್ಕೆ ಮೈಯ ಬೇರೆ ಬೇರೆ ಪ್ರೋಟೀನುಗಳ ಪರಿಚಯ ಆಗುತ್ತದೆ. ಇದು ನಮ್ಮದು, ಇದು ನಮ್ಮದು ಎಂದು. ಪರಿಚಯವಾದ ಮೇಲೂ ಮೈಮೇಲೆ ಎರಗುವ ಕೋಶಗಳನ್ನು ಅಲ್ಲೇ ಅಳಿಸಿಹಾಕಲಾಗುತ್ತದೆ. ಇನ್ಸುಲಿನ್ ಕೂಡ ಅಲ್ಲಿ ಚೂರುಪಾರು ತಯಾರಾಗುತ್ತದೆ, ಬರೀ ಪರಿಚಯಕ್ಕಾಗಿ. ಹನ್ನೊಂದನೇ ವರ್ಣತಂತುವಿನಲ್ಲಿ ಇನ್ಸುಲಿನ್ ಜೀನಿನ ಪಕ್ಕ ಮತ್ತೆ ಮತ್ತೆ ಮರುಕಳಿಸುವ ಒಂದು ತುಣುಕಿದೆ. ಅದು ಉದ್ದವಾಗಿದ್ದವರ ಥೈಮಸ್ಸಿನಲ್ಲಿ ಇನ್ಸುಲಿನ್ ಹೆಚ್ಚು ತಯಾರಾಗುತ್ತದೆ, ಪರಿಚಯ ಗಟ್ಟಿಯಾಗುತ್ತದೆ, ಅಪಾಯ ತಗ್ಗುತ್ತದೆ. ಆ ತುಣುಕು ಗಿಡ್ಡವಾಗಿದ್ದವರಲ್ಲಿ ಪರಿಚಯ ಅರೆಬರೆ.

ಇಂಥ ಹತ್ತಾರು ತುಣುಕುಗಳು, ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ. ಥಲಸ್ಸೇಮಿಯಾದ ಹಾಗೆ ಒಂದು ಜೀನು ಹಿಡಿದು, ಇಗೋ ಇವರಿಂದ ಬಂತು ಎಂದು ಬೆರಳು ತೋರಿಸಲು ಬರುವುದಿಲ್ಲ. ಜೊತೆಗೆ ಇವು ಅಪರೂಪದ ಜೀನುಗಳೂ ಅಲ್ಲ. ಈ ಕಾಗದ ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಮಂದಿಯ ಮೈಯಲ್ಲಿ ಇವು ಇರುತ್ತವೆ, ನಿಮಗೇನೂ ಆಗಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಡಿಆರ್3, ಡಿಆರ್4 ಎರಡನ್ನೂ ಹೊತ್ತು ಹುಟ್ಟಿದ 20 ಮಕ್ಕಳಲ್ಲಿ ಕಾಯಿಲೆ ಬರುವುದು ಸುಮಾರು ಒಂದಕ್ಕೆ. ನಮ್ಮ ದೇಶದ ರೋಗಿಗಳಲ್ಲಿ ಡಿಆರ್3ರ ಪಾತ್ರ ದೊಡ್ಡದು. ಪುಣೆಯ ರೋಗಿಗಳನ್ನು ಇಟ್ಟುಕೊಂಡು ಅಲ್ಲಿನ ಮತ್ತು ಹೈದರಾಬಾದಿನ ವಿಜ್ಞಾನಿಗಳು ಇಂಗ್ಲೆಂಡಿನವರ ಜೊತೆ ಸೇರಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯುರೋಪಿನವರ ಜೀನುಗಳಿಂದ ಕಟ್ಟಿದ ಅಂಕಪಟ್ಟಿ ಭಾರತೀಯರಲ್ಲೂ ಟೈಪ್ ಒನ್ ಅನ್ನು ಟೈಪ್ ಟೂನಿಂದ ಬೇರ್ಪಡಿಸಬಲ್ಲದು ಎಂದು ಕಂಡುಬಂತು, ಅಷ್ಟು ಚೊಕ್ಕವಾಗಿ ಅಲ್ಲದಿದ್ದರೂ.

ಅವಳಿಗಳ ಲೆಕ್ಕ ಕೇಳಿ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಜೀನುಗಳು ಒಂದೇ. ಒಬ್ಬರಿಗೆ ಟೈಪ್ ಒನ್ ಬಂದರೆ ಇನ್ನೊಬ್ಬರಿಗೂ ಬರಲೇಬೇಕಲ್ಲವೇ? ಬರುವುದಿಲ್ಲ. ದಶಕಗಟ್ಟಲೆ ಬೆನ್ನುಹತ್ತಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಜೋಡಿಗಳಲ್ಲಿ ಇನ್ನೊಬ್ಬರಿಗೂ ಒಂದಲ್ಲ ಒಂದು ದಿನ ಬರುತ್ತದೆ, ಉಳಿದವರಿಗೆ ಬರುವುದೇ ಇಲ್ಲ. ಒಂದೇ ತೊಟ್ಟಿಲು, ಒಂದೇ ಅಡುಗೆ. ಟೈಪ್ ಒನ್ ಬಂದ ಹತ್ತು ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳ ಹತ್ತಿರದ ರಕ್ತಸಂಬಂಧದಲ್ಲಿ ಈ ಕಾಯಿಲೆಯವರು ಯಾರೂ ಇರುವುದಿಲ್ಲ. ಹಾಗಾಗಿ "ನಮ್ಮ ಕಡೆ ಯಾರಿಗೂ ಇಲ್ಲ" ಎಂದು ನಾನು ಬೆಂಚಿನ ಮೇಲೆ ಕೂತು ಹೇಳಿದ್ದು ನಿಜವೇ ಆಗಿದ್ದರೂ ಅದರಿಂದ ಏನೂ ಸಿದ್ಧವಾಗುತ್ತಿರಲಿಲ್ಲ. ಅವರ ಕಡೆಯೂ ಯಾರಿಗೂ ಇರಲಿಲ್ಲ.

ಚಾಕೊಲೇಟಿನ ಮಾತಿಗೆ ಬರುತ್ತೇನೆ. ಕಾಯಿಲೆ ಶುರುವಾದದ್ದು ಆ ಎರಡು ವಾರದಲ್ಲಲ್ಲ. ಅಮೆರಿಕ, ಫಿನ್ಲೆಂಡ್, ಜರ್ಮನಿ, ಸ್ವೀಡನ್ನುಗಳಲ್ಲಿ 2004ರಿಂದ 2010ರವರೆಗೆ ಹುಟ್ಟಿದ ನಾಲ್ಕು ಲಕ್ಷಕ್ಕೂ ಹೆಚ್ಚು ಶಿಶುಗಳ ಜೀನು ನೋಡಿ, ಅಪಾಯವಿರುವ 8,676 ಮಕ್ಕಳನ್ನು ಟೆಡ್ಡಿ ಎಂಬ ಅಧ್ಯಯನಕ್ಕೆ ಸೇರಿಸಿಕೊಂಡು ಹಿಂಬಾಲಿಸುತ್ತ ಬಂದಿದ್ದಾರೆ. ಇನ್ಸುಲಿನ್ ವಿರುದ್ಧದ ಪ್ರತಿಕಾಯ ಅಲ್ಲಿ ಹೆಚ್ಚಾಗಿ ಮೊದಲು ಕಾಣಿಸಿಕೊಂಡದ್ದು ಒಂಬತ್ತು ತಿಂಗಳಿಂದ ಎರಡು ವರ್ಷದ ನಡುವೆ. ಮಗು ಹೊಸಿಲು ದಾಟಿತು, ತಾತ ಅಂದಿತು, ಅಜ್ಜಿ ಅಂದಿತು ಎಂದು ನಾವು ಹಿಗ್ಗುವ ಕಾಲ ಅದು. ಅಂಥ ಪ್ರತಿಕಾಯ ಎರಡು ಬಗೆಯದ್ದು ಅಥವಾ ಹೆಚ್ಚು ಕಂಡ ಮಕ್ಕಳಲ್ಲಿ 100ಕ್ಕೆ ಸುಮಾರು 70 ಮಂದಿಗೆ ಹತ್ತು ವರ್ಷದೊಳಗೆ ಕಾಯಿಲೆ ಹೊರಬೀಳುತ್ತದೆ. ಅಷ್ಟು ವರ್ಷ ಮಗು ಆಡಿಕೊಂಡು, ಉಂಡುಕೊಂಡು ಇರುತ್ತದೆ. ಬೀಟಾ ಕೋಶಗಳು ಒಳಗೊಳಗೇ ಕಡಿಮೆಯಾಗುತ್ತ, ಒಂದು ದಿನ ಉಳಿದವು ಸಾಲದಾಗುತ್ತವೆ. ಆಗ ನೀರಡಿಕೆ, ಆಗ ಹಾಸಿಗೆ ಒದ್ದೆ. ನನ್ನ ಸೊಸೆ ಕೊಟ್ಟ ಚಾಕೊಲೇಟು, ಆ ಬೇಸಿಗೆಯಲ್ಲಿ ನಾನು ಮಾಡಿಕೊಟ್ಟ ಸಜ್ಜಿಗೆ, ಹಬ್ಬದ ಒಬ್ಬಟ್ಟು, ಯಾವುದಕ್ಕೂ ಇದರಲ್ಲಿ ಕೈಯಿಲ್ಲ.

ಲಸಿಕೆ ಹಾಕಿಸಿದ್ದರಿಂದ ಎನ್ನುವವರಿದ್ದಾರೆ. ಡೆನ್ಮಾರ್ಕಿನಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ತೆಗೆದು ನೋಡಿ 2004ರಲ್ಲಿ ಪ್ರಕಟಿಸಿದರು, ಸಂಬಂಧ ಸಿಗಲಿಲ್ಲ. ಎದೆಹಾಲು ಸಾಲದೆ ಡಬ್ಬಿ ಹಾಲು ಕೊಟ್ಟಳು, ಅದಕ್ಕೇ ಎನ್ನುವವರೂ ಇದ್ದಾರೆ. ಡಬ್ಬಿ ಹಾಲಿನಲ್ಲಿರುವ ಹಸುವಿನ ಪ್ರೋಟೀನನ್ನು ಚೂರುಚೂರು ಮಾಡಿ ಕೊಟ್ಟರೆ ಕಾಯಿಲೆ ತಡೆಯಬಹುದೇ ಎಂದು 15 ದೇಶಗಳ ಎರಡು ಸಾವಿರಕ್ಕೂ ಹೆಚ್ಚು ಶಿಶುಗಳಲ್ಲಿ ಪರೀಕ್ಷಿಸಿದರು. 2018ರಲ್ಲಿ ಬಂದ ಫಲಿತಾಂಶ: ವ್ಯತ್ಯಾಸವಿಲ್ಲ.

ಹಾಗಾದರೆ ಹೊರಗಿನದ್ದು ಏನೂ ಇಲ್ಲವೇ? ಇದೆ. ಫಿನ್ಲೆಂಡಿನ ಪೂರ್ವಕ್ಕೆ ಕರೇಲಿಯ ಎಂಬ ಸೀಮೆಯಿದೆ. ಗಡಿಯ ಈಚೆ ಫಿನ್ಲೆಂಡಿನ ಕರೇಲಿಯ, ಆಚೆ ರಷ್ಯದ ಕರೇಲಿಯ. ಎರಡೂ ಕಡೆಯ ಜನರಲ್ಲಿ ಅಪಾಯದ ಎಚ್‌ಎಲ್‌ಎ ಬಗೆಗಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿವೆ. ಆದರೂ 1990ರ ದಶಕದ ಲೆಕ್ಕದಲ್ಲಿ ಫಿನ್ಲೆಂಡಿನ ಮಕ್ಕಳಲ್ಲಿ ಕಾಯಿಲೆ ರಷ್ಯದ ಕಡೆಯ ಮಕ್ಕಳಿಗಿಂತ ಸುಮಾರು ಆರು ಪಟ್ಟು ಹೆಚ್ಚು. ನಡುವೆ ಇರುವುದು ಒಂದು ಗಡಿ, ಎರಡು ಬಗೆಯ ಬದುಕು. ಎಳವೆಯಲ್ಲಿ ಎದುರಾಗುವ ಸೂಕ್ಷ್ಮಜೀವಿಗಳು ರೋಗನಿರೋಧಕ ವ್ಯವಸ್ಥೆಯನ್ನು ಪಳಗಿಸುತ್ತವೆ, ಅವು ಕಡಿಮೆಯಾದಲ್ಲಿ ಅದು ದಾರಿ ತಪ್ಪುತ್ತದೆ ಎಂಬುದು ವಿಜ್ಞಾನಿಗಳ ಒಂದು ಊಹೆ. ಕರುಳಿನಲ್ಲಿ ಬಹಳ ದಿನ ಉಳಿಯುವ ಕಾಕ್ಸಾಕಿ ಬಿ ಎಂಬ ವೈರಸ್ಸಿನ ಸೋಂಕಿಗೂ ಪ್ರತಿಕಾಯಗಳಿಗೂ ನಂಟಿರುವುದು ಟೆಡ್ಡಿ ಮಕ್ಕಳಲ್ಲೇ ಕಂಡಿದೆ. ಇದರಲ್ಲಿ ಯಾವುದನ್ನು ಯಾವ ತಾಯಿ ತಡೆಯಬಲ್ಲಳಾಗಿದ್ದಳು? ನೆಗಡಿ, ಭೇದಿ ಆಗದೆ ಬೆಳೆದ ಮಗು ಯಾವ ಊರಿನಲ್ಲಿದೆ?

ನಮ್ಮಲ್ಲಿ ಟೈಪ್ ಒನ್ ಎಷ್ಟು ಮಕ್ಕಳಿಗೆ ಬರುತ್ತದೆ? ಬೆಂಗಳೂರಿನ ವೈದ್ಯರು 13 ವರ್ಷ ಇಟ್ಟುಕೊಂಡು ಬಂದ ನೋಂದಣಿಯ ಲೆಕ್ಕ 2008ರಲ್ಲಿ ಪ್ರಕಟವಾಯಿತು. ವರ್ಷಕ್ಕೆ ಲಕ್ಷ ಗಂಡುಮಕ್ಕಳಲ್ಲಿ 3.7, ಲಕ್ಷ ಹೆಣ್ಣುಮಕ್ಕಳಲ್ಲಿ 4. ಫಿನ್ಲೆಂಡಿನಲ್ಲಿ ಇದು 50 ದಾಟುತ್ತದೆ. ನಮ್ಮದು ಚಿಕ್ಕ ಸಂಖ್ಯೆ ಅನ್ನಿಸಬಹುದು, ಆದರೆ ನಮ್ಮಲ್ಲಿ ಮಕ್ಕಳು ಎಷ್ಟು! ಆಸ್ಪತ್ರೆಯ ಆ ವಾರ್ಡಿನಲ್ಲೇ ಇನ್ನೂ ಇಬ್ಬರಿದ್ದರು. ಒಬ್ಬ ಹುಡುಗನ ಅಮ್ಮ ಅವನ ಅಜ್ಜ ಬಂದರೆ ಮಂಚದ ಆ ಕಡೆಗೆ ಸರಿದು ನಿಲ್ಲುತ್ತಿದ್ದಳು. ಏಕೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಇನ್ನು ಮದ್ದಿನ ಮಾತು. ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳಬೇಕಿದೆ. ಆಸ್ಪತ್ರೆಯಿಂದ ಬಂದು ತಿಂಗಳಾಗುವಷ್ಟರಲ್ಲಿ ಮೊಮ್ಮಗಳ ಇನ್ಸುಲಿನ್ ಪ್ರಮಾಣ ಇಳಿಯುತ್ತ ಬಂತು. ಹದಿನೆಂಟು ಯೂನಿಟ್ಟು ಹನ್ನೆರಡಾಯಿತು, ಆಮೇಲೆ ಆರು. ಅದೇ ಹೊತ್ತಿಗೆ ನಂಟರೊಬ್ಬರು ಮಧುನಾಶಿನಿ ಎಲೆಯ ಪುಡಿ ತಂದುಕೊಟ್ಟರು, ಮನೆಯಲ್ಲಿ ಹಾಗಲಕಾಯಿ ರಸವೂ ಶುರುವಾಯಿತು. "ನೋಡಿ, ಪುಡಿ ಕೆಲಸ ಮಾಡ್ತಿದೆ, ಇನ್ನೊಂದು ತಿಂಗಳು ಕೊಟ್ಟು ಸೂಜಿ ನಿಲ್ಲಿಸಿಬಿಡಿ" ಎಂದರು. ನನಗೂ ಆಸೆ ಹುಟ್ಟಿತು. ದಿನಕ್ಕೆ ನಾಲ್ಕು ಸಲ ಆ ಪುಟ್ಟ ತೋಳಿಗೆ ಚುಚ್ಚುವುದನ್ನು ನೋಡುವ ಅಜ್ಜಿಗೆ ಆಸೆ ಹುಟ್ಟದೆ ಇರುತ್ತದೆಯೇ? ಬೇಡವೆಂದು ಅಡ್ಡ ನಿಂತವಳು ಸೊಸೆ. ಡಾಕ್ಟರಮ್ಮ ಮೊದಲೇ ಅವಳಿಗೆ ಹೇಳಿದ್ದರಂತೆ: ಹೊರಗಿನಿಂದ ಇನ್ಸುಲಿನ್ ಸಿಕ್ಕಾಗ ಅಳಿದುಳಿದ ಬೀಟಾ ಕೋಶಗಳಿಗೆ ಬಿಡುವು ಸಿಗುತ್ತದೆ, ಅವು ಸುಧಾರಿಸಿಕೊಂಡು ಕೆಲವು ತಿಂಗಳು ಕೆಲಸ ಮಾಡುತ್ತವೆ. ವೈದ್ಯರು ಇದನ್ನು ಹನಿಮೂನ್ ಅನ್ನುತ್ತಾರೆ. ಟಿ ಕೋಶಗಳು ದಾಳಿ ನಿಲ್ಲಿಸಿರುವುದಿಲ್ಲ. ಅವು ಕೊನೆಯ ಕೋಶಗಳನ್ನೂ ಮುಗಿಸುವ ಹೊತ್ತಿಗೆ ಸೂಜಿ ನಿಂತಿದ್ದರೆ ಮಗು ಮತ್ತೆ ಐಸಿಯುಗೆ, ಅಥವಾ ಅಲ್ಲಿಯವರೆಗೂ ಹೋಗದೆ.

ಏಳನೇ ತಿಂಗಳಿಗೆ ಪ್ರಮಾಣ ಏರತೊಡಗಿತು, ಹೇಳಿದ ಹಾಗೆಯೇ. ಅವತ್ತು ನಾನು ಆ ಪುಡಿಯ ಪೊಟ್ಟಣವನ್ನು ತಿಪ್ಪೆಗೆ ಹಾಕಿದೆ. ದಯವಿಟ್ಟು ಕೇಳಿ, ಇನ್ಸುಲಿನ್ ಒಂದು ಹೊತ್ತು ತಪ್ಪಿಸಲು ಹೇಳುವವರು ಯಾರೇ ಆಗಲಿ, ಎಷ್ಟೇ ಹತ್ತಿರದವರಾಗಲಿ, ಅವರ ಮಾತನ್ನು ಹೊಸಿಲಾಚೆ ನಿಲ್ಲಿಸಿ. ಆ ಕೆಲಸ ಮನೆಯ ಹಿರಿಯರಿಂದ ಆದರೆ ಸೊಸೆಯಂದಿರು ಒಬ್ಬೊಬ್ಬರೇ ಜಗಳ ಆಡಬೇಕಾಗುವುದಿಲ್ಲ.

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಲೆನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಡುವ ತನಕ, ಈ ಕಾಯಿಲೆಯ ಮಕ್ಕಳಿಗೆ ವೈದ್ಯರ ಬಳಿ ಇದ್ದ ಉಪಾಯ ಉಪವಾಸ ಒಂದೇ. ಅಮೆರಿಕದ ಎಲಿಜಬೆತ್ ಹ್ಯೂಸ್ ಎಂಬ ಹುಡುಗಿಗೆ 11ನೇ ವಯಸ್ಸಿಗೆ ಕಾಯಿಲೆ ಬಂತು. ಮೂರು ವರ್ಷ ಅರೆಹೊಟ್ಟೆಯಲ್ಲಿಟ್ಟರು. 15 ತುಂಬುವ ಹೊತ್ತಿಗೆ ಸುಮಾರು 20 ಕಿಲೋ ಇದ್ದಳು. 1922ರ ಆಗಸ್ಟಿನಲ್ಲಿ ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಬ್ಯಾಂಟಿಂಗ್ ಅವರ ಕೈಯಿಂದ ಅವಳಿಗೆ ಇನ್ಸುಲಿನ್ ಸಿಕ್ಕಿತು. ಅವಳು ಓದಿದಳು, ಮದುವೆಯಾದಳು, ಮೂರು ಮಕ್ಕಳ ತಾಯಿಯಾದಳು, 1981ರಲ್ಲಿ 73ನೇ ವಯಸ್ಸಿನಲ್ಲಿ ತೀರಿಕೊಂಡಳು.

ಎಲಿಜಬೆತ್ ಕತೆ ಹೇಳಿದ್ದಕ್ಕೆ ಕಾರಣವಿದೆ. "ಹೆಣ್ಣು ಹುಡುಗಿ, ಹೊರಗೆ ಗೊತ್ತಾಗೋದು ಬೇಡ" ಎಂದು ನಮ್ಮ ಮನೆಯಲ್ಲೂ ಒಂದು ಮಾತು ಎದ್ದಿತು. ಆಡಿದವರು ನನ್ನ ಯಜಮಾನರು, ಒಳ್ಳೆಯ ಮನಸ್ಸಿನಿಂದಲೇ. ಮುಚ್ಚಿಟ್ಟರೆ ಶಾಲೆಯ ಮೇಷ್ಟರಿಗೆ ತಿಳಿಯುವುದಿಲ್ಲ. ಆಟದ ಮಧ್ಯೆ ಸಕ್ಕರೆ ಇಳಿದು ಮಗು ಬೆವೆತು ತಡವರಿಸಿದಾಗ, ಬಾಯಿಗೆ ಸಕ್ಕರೆ ನೀರು ಹಾಕಬೇಕೆಂದು ಯಾರಿಗೆ ಗೊತ್ತಿರುತ್ತದೆ? ನಾಳೆ ಅವಳ ಮಕ್ಕಳಿಗೂ ಬರುತ್ತದಲ್ಲ ಎಂಬುದು ಇನ್ನೊಂದು ಹೆದರಿಕೆ. ಟೈಪ್ ಒನ್ ಇರುವ ತಾಯಿಯ 100 ಮಕ್ಕಳಲ್ಲಿ ಮೂರು ನಾಲ್ಕಕ್ಕೆ ಬರಬಹುದು. ತಂದೆಗೆ ಇದ್ದರೆ ಆರರಷ್ಟು. ಗಂಡುಮಕ್ಕಳ ವಿಷಯದಲ್ಲಿ ಈ ಮಾತನ್ನು ಯಾರೂ ಎತ್ತುವುದಿಲ್ಲ ಎಂಬುದನ್ನು ನೀವೂ ಗಮನಿಸಿರುತ್ತೀರಿ. ಈಗ ಅವಳ ತರಗತಿಯ ಅಷ್ಟೂ ಮಕ್ಕಳಿಗೆ ವಿಷಯ ಗೊತ್ತು. ಪಕ್ಕದಲ್ಲಿ ಕೂರುವ ಹುಡುಗಿಯ ಕಂಪಾಸ್ ಪೆಟ್ಟಿಗೆಯಲ್ಲಿ ಸದಾ ನಾಲ್ಕು ಗ್ಲೂಕೋಸ್ ಮಾತ್ರೆ ಇರುತ್ತವೆ.

ಮೊಮ್ಮಗಳ ತಮ್ಮನಿಗೆ ಈಗ ಐದು. ಒಡಹುಟ್ಟಿದವರಿಗೆ 100ಕ್ಕೆ ಐದಾರರಷ್ಟು ಸಂಭವ ಎಂದು ಪಾಶ್ಚಾತ್ಯ ದೇಶಗಳ ಲೆಕ್ಕ. ಅವನು ಎರಡು ಲೋಟ ನೀರು ಕುಡಿದರೆ ಮನೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತೇವೆ. ರಕ್ತದಲ್ಲಿ ಪ್ರತಿಕಾಯ ಇದೆಯೇ ಎಂದು ಪರೀಕ್ಷೆ ಮಾಡಿಸಬಹುದು. ಇದ್ದರೆ ಗಾಬರಿಬಿದ್ದು ಐಸಿಯುಗೆ ಓಡುವ ಸ್ಥಿತಿ ಬರದಂತೆ ಮೊದಲೇ ಕಣ್ಣಿಡಬಹುದು. 2022ರ ನವೆಂಬರಿನಲ್ಲಿ ಅಮೆರಿಕದಲ್ಲಿ ಟೆಪ್ಲಿಜುಮಾಬ್ ಎಂಬ ಔಷಧಿಗೆ ಒಪ್ಪಿಗೆ ಸಿಕ್ಕಿತು. ಟಿ ಕೋಶಗಳ ಮೇಲಿನ ಸಿಡಿ3 ಎಂಬ ಅಣುವನ್ನು ಹಿಡಿದು ಅವುಗಳ ಆವೇಶ ತಗ್ಗಿಸುವ ಔಷಧಿ ಅದು. ಪ್ರತಿಕಾಯವಿದ್ದು ಸಕ್ಕರೆಯಲ್ಲಿ ಏರುಪೇರು ಶುರುವಾಗಿರುವ, ಎಂಟು ವರ್ಷ ದಾಟಿದವರಿಗೆ ಕೊಟ್ಟರೆ ಕಾಯಿಲೆ ಸರಾಸರಿ ಎರಡು ವರ್ಷ ಮುಂದಕ್ಕೆ ಹೋಗುತ್ತದೆ. ಎರಡು ವರ್ಷ ಏನು ಮಹಾ ಎಂದು ನನ್ನ ಮಗ ಕೇಳಿದ. ಸೊಸೆ ಅಂದಳು: "ಎರಡು ವರ್ಷ ಅಂದ್ರೆ ಮೂರು ಸಾವಿರ ಸೂಜಿ ಕಣ್ರೀ." ಪರೀಕ್ಷೆ ಮಾಡಿಸುವುದೋ ಬಿಡುವುದೋ ಅವರಿಬ್ಬರ ತೀರ್ಮಾನ. ಕೇಳಿದರೆ ಮಾತ್ರ ನನ್ನ ಅಭಿಪ್ರಾಯ ಹೇಳುತ್ತೇನೆ.

ಬೆಂಚಿನ ಮೇಲೆ ಆಡಿದ ಮಾತಿಗೆ ನಾನು ಸೊಸೆಯ ಹತ್ತಿರ ಕ್ಷಮೆ ಕೇಳಿದ್ದು ಒಂದೂವರೆ ವರ್ಷದ ಮೇಲೆ. ಅಷ್ಟು ದಿನ ಬೇಕಾಗಿರಲಿಲ್ಲ. ಅಡುಗೆಮನೆಯಲ್ಲಿ ಅವಳು ಅನ್ನವನ್ನು ತಕ್ಕಡಿಯಲ್ಲಿ ತೂಗುತ್ತಿದ್ದಳು. ನಾನು ಹೇಳಿ ಮುಗಿಸಿದೆ. ಅವಳು ತೂಕದ ಅಂಕಿಯನ್ನು ಪುಸ್ತಕದಲ್ಲಿ ಬರೆದಿಟ್ಟು, "ಪೆನ್ನು ಹಿಡಿಯೋದು ಹೇಳಿಕೊಡ್ತೀನಿ ಬನ್ನಿ ಅತ್ತೆ" ಎಂದಳು. ಆ ಇನ್ಸುಲಿನ್ ಪೆನ್ನನ್ನು ಅಲ್ಲಿಯವರೆಗೆ ಅವಳು ನನ್ನ ಕೈಗೆ ಕೊಟ್ಟಿರಲಿಲ್ಲ.

ನಿನ್ನೆಯಿಂದ ಸೊಸೆ ತವರಿನಲ್ಲಿದ್ದಾಳೆ, ತಂಗಿಯ ನಿಶ್ಚಿತಾರ್ಥಕ್ಕೆ. ಶಾಲೆಯ ಪರೀಕ್ಷೆ ಇದೆಯೆಂದು ಮೊಮ್ಮಗಳು ಹೋಗಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ ತಾಯಿ ಇಲ್ಲದ ರಾತ್ರಿ. ಫ್ರಿಜ್ಜಿನ ಬಾಗಿಲಿಗೆ ಸೊಸೆ ತನ್ನ ಅಕ್ಷರದಲ್ಲಿ ಒಂದು ಹಾಳೆ ಅಂಟಿಸಿದ್ದಾಳೆ: ಎಷ್ಟಿದ್ದರೆ ಎಷ್ಟು ಯೂನಿಟ್ಟು, ಎಷ್ಟಕ್ಕಿಂತ ಇಳಿದರೆ ಏನು ಕೊಡಬೇಕು, ಯಾರಿಗೆ ಫೋನು. ಸಂಜೆ ಹುಡುಗಿ ಅಂಗಳದಲ್ಲಿ ಬಹಳ ಹೊತ್ತು ಓಡಿ ಆಡಿದ್ದಾಳೆ. ಅಂಥ ದಿನ ರಾತ್ರಿ ಎರಡು ಗಂಟೆಗೆ ಎದ್ದು ಒಮ್ಮೆ ನೋಡಬೇಕು. ಆ ಹೊತ್ತಿಗೆ ಕಾಯುತ್ತ ಈ ಕಾಗದ ಬರೆಯಲು ಕೂತೆ, ಈಗ ಎರಡಕ್ಕೆ ಐದು ನಿಮಿಷ. ಬೆರಳು ಚುಚ್ಚಿದರೂ ಅವಳಿಗೆ ಎಚ್ಚರವಾಗುವುದಿಲ್ಲ, ಕೈ ಮಾತ್ರ ಅಭ್ಯಾಸದಿಂದ ಮುಂದೆ ಬರುತ್ತದೆ. ಮೀಟರಿನಲ್ಲಿ ಬಂದ ಅಂಕಿಯನ್ನು ಅವಳ ಅಮ್ಮನಿಗೆ ಮೆಸೇಜು ಮಾಡುತ್ತೇನೆ. ಅವಳೂ ಮಲಗಿರುವುದಿಲ್ಲ.

ಇತಿ,
ನಿಮ್ಮ ಓರಗೆಯ ಒಬ್ಬ ಅಜ್ಜಿ,
ತಿಪಟೂರು